ಪ್ರವಾಸಿ ವೀಸಾ: ಅತಿಥಿಯ ಕಾಗದ, ಆತಿಥೇಯರ ಹೊಣೆ



2020ರ ಮಾರ್ಚ್ ತಿಂಗಳನ್ನು ಗಂಗಾವತಿ ತಾಲ್ಲೂಕಿನ ಪ್ರವಾಸೋದ್ಯಮಿಗಳು ಸುಲಭವಾಗಿ ಮರೆಯಲಾರರು. ವಿರುಪಾಪುರ ಗಡ್ಡೆಯ ವಸತಿಗೃಹಗಳ ಬಗೆಗೆ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಫೆಬ್ರವರಿಯಲ್ಲಿ ನೀಡಿದ ತೀರ್ಪಿನ ಮೇರೆಗೆ ಮಾರ್ಚ್ ಮೊದಲ ವಾರದಲ್ಲಿ ಅಲ್ಲಿನ ಕಟ್ಟಡಗಳು ನೆಲಸಮವಾದವು. ಅದರ ಬೆನ್ನಿಗೇ, ಮಾರ್ಚ್ 13ರಿಂದ, ಕೋವಿಡ್ ಕಾರಣದಿಂದಾಗಿ ಕೇಂದ್ರ ಸರ್ಕಾರವು ಪ್ರವಾಸಿ ವೀಸಾಗಳನ್ನು ಅಮಾನತಿನಲ್ಲಿರಿಸಿತು. ಎರಡು ವಾರಗಳೊಳಗೆ ಒಂದು ಊರಿನ ವ್ಯಾಪಾರಕ್ಕೆ ಎರಡು ಪೆಟ್ಟು ಬಿದ್ದವು. ಮೊದಲನೆಯದು ಕಟ್ಟಡ ಪರವಾನಗಿಗೆ ಸಂಬಂಧಿಸಿದ್ದು. ಅದರ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಎರಡನೆಯದು ವೀಸಾಕ್ಕೆ ಸಂಬಂಧಿಸಿದ್ದು. ಗಡ್ಡೆಯಿಂದ ಹೊರಗೆ, ಆನೆಗೊಂದಿಯಲ್ಲಿಯೂ ಸಾಣಾಪುರದಲ್ಲಿಯೂ, ಸಕ್ರಮ ಪರವಾನಗಿ ಹೊಂದಿದ್ದವರ ಕೋಣೆಗಳೂ ಖಾಲಿ ಉಳಿದದ್ದು ಈ ಎರಡನೆಯ ಕಾರಣದಿಂದ. ಸಾಮಾನ್ಯ ವಿಮಾನಗಳಲ್ಲಿ ಬರುವವರಿಗೆ ಪ್ರವಾಸಿ ವೀಸಾ ಮತ್ತೆ ದೊರೆತದ್ದು 2021ರ ನವೆಂಬರ್ 15ರಿಂದ, ಅಂದರೆ ಇಪ್ಪತ್ತು ತಿಂಗಳ ನಂತರ. ಹಿಂದೆಯೇ ಪಡೆದಿದ್ದ ಐದು ವರ್ಷಗಳ ಇ-ಪ್ರವಾಸಿ ವೀಸಾಗಳಿಗೆ ಮರಳಿ ಮಾನ್ಯತೆ ಬಂದದ್ದು 2022ರ ಮಾರ್ಚ್‌ನಲ್ಲಿ.

ವೀಸಾ ಎಂಬುದು ಅತಿಥಿಗೂ ಸರ್ಕಾರಕ್ಕೂ ಸಂಬಂಧಿಸಿದ ವಿಷಯ, ನಮಗೇಕೆ ಅದರ ಗೊಡವೆ ಎಂದು ಕೇಳುವ ಸದಸ್ಯರು ಹಲವರಿದ್ದಾರೆ. ವಿದೇಶಿ ಪ್ರವಾಸಿ ನಮ್ಮ ಜಿಲ್ಲೆಯಲ್ಲಿ ಎಷ್ಟು ದಿನ ಉಳಿಯುತ್ತಾನೆ, ಏನು ಮಾಡಬಹುದು, ಆತ ತೊಂದರೆಗೆ ಸಿಲುಕಿದಾಗ ಯಾರು ಉತ್ತರ ಹೇಳಬೇಕು ಎಂಬ ಮೂರನ್ನೂ ಈ ಕಾಗದವೇ ನಿರ್ಧರಿಸುತ್ತದೆ. ಆದುದರಿಂದ ಅದನ್ನು ಓದಲು ಕಲಿಯುವುದು ವಸತಿಗೃಹದವರ, ಹೋಂಸ್ಟೇ ನಡೆಸುವವರ ಹಾಗೂ ವಿದೇಶಿ ಗ್ರಾಹಕರುಳ್ಳ ಎಲ್ಲ ವ್ಯಾಪಾರಸ್ಥರ ಹಿತಕ್ಕೆ ಅಗತ್ಯವೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

1. ನಿಯಮ ಬದಲಾದಂತೆ ಪ್ರವಾಸಿಯೂ ಬದಲಾಗುತ್ತಾನೆ

ಹಂಪಿ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಕಾಲದಲ್ಲಿ ವಿದೇಶಿ ಪ್ರವಾಸಿ ತನ್ನ ದೇಶದ ಭಾರತೀಯ ರಾಯಭಾರ ಕಚೇರಿಗೆ ಅರ್ಜಿ ಸಲ್ಲಿಸಿ, ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆ ಪಡೆದು ಬರಬೇಕಾಗಿತ್ತು. ಅಷ್ಟು ಶ್ರಮಪಟ್ಟು ಬಂದವನು ತಿಂಗಳುಗಟ್ಟಲೆ ಉಳಿಯುತ್ತಿದ್ದನು. ಗೋವಾದಿಂದ ರಾತ್ರಿ ಬಸ್ಸು ಹಿಡಿದು ಹೊಸಪೇಟೆಗೆ ಬಂದು, ಹರಗೋಲಿನಲ್ಲಿ ತುಂಗಭದ್ರೆಯನ್ನು ದಾಟಿ ನಮ್ಮ ದಡಕ್ಕೆ ಬರುತ್ತಿದ್ದ ಪ್ರವಾಸಿಗಳು ಬಹುಮಟ್ಟಿಗೆ ಇಂತಹವರು. ಕೆಲವರು ನೇಪಾಳಕ್ಕೋ ಶ್ರೀಲಂಕೆಗೋ ಹೋಗಿ ಕೆಲವೇ ದಿನಗಳಲ್ಲಿ ಮರಳಿ ಬರುವುದೂ ಇತ್ತು.

2009ರ ಕೊನೆಯಲ್ಲಿ, ಪ್ರವಾಸಿ ವೀಸಾ ಹೊಂದಿದವರು ಎರಡು ಭೇಟಿಗಳ ನಡುವೆ ಎರಡು ತಿಂಗಳ ಅಂತರ ಕಾಯ್ದುಕೊಳ್ಳಬೇಕೆಂಬ ನಿಯಮ ಬಂದಿತು. ಒಮ್ಮೆ ಹೊರಗೆ ಹೋದವನಿಗೆ ಆ ಚಳಿಗಾಲದಲ್ಲಿ ಮತ್ತೆ ಬರಲು ಅವಕಾಶವಿಲ್ಲದಂತಾಯಿತು. 2012ರ ಡಿಸೆಂಬರ್‌ನಲ್ಲಿ, ಕೆಲವು ದೇಶಗಳವರನ್ನು ಬಿಟ್ಟು, ಈ ನಿಯಮವನ್ನು ತೆಗೆದುಹಾಕಲಾಯಿತು.

2014ರ ನವೆಂಬರ್ 27ರಂದು 43 ದೇಶಗಳ ನಾಗರಿಕರಿಗೆ ವಿದ್ಯುನ್ಮಾನ ಪೂರ್ವಾನುಮತಿ ಆರಂಭವಾದದ್ದು ದೊಡ್ಡ ತಿರುವು. ರಾಯಭಾರ ಕಚೇರಿಗೆ ಅಲೆಯದೆ, ಮನೆಯಲ್ಲಿ ಕುಳಿತು ಕಂಪ್ಯೂಟರ್ ಮೂಲಕ ಅರ್ಜಿ ಸಲ್ಲಿಸುವ ಸೌಲಭ್ಯವಿದು. ಮೊದಲು 30 ದಿನಗಳಿದ್ದ ವಾಸ್ತವ್ಯವನ್ನು 2017ರ ಏಪ್ರಿಲ್‌ನಲ್ಲಿ 60 ದಿನಗಳಿಗೆ ಏರಿಸಲಾಯಿತು. 2019ರಲ್ಲಿ ಒಂದು ವರ್ಷದ ಮತ್ತು ಐದು ವರ್ಷಗಳ ಇ-ಪ್ರವಾಸಿ ವೀಸಾಗಳೂ, ಅವುಗಳೊಡನೆ ಕಡಿಮೆ ಶುಲ್ಕದ 30 ದಿನಗಳ ವೀಸಾವೂ ಬಂದವು. ಅದೇ 2019ರಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಆ ವರ್ಷ ನೋಡಬೇಕಾದ 52 ಸ್ಥಳಗಳ ಪಟ್ಟಿಯಲ್ಲಿ ಹಂಪಿಗೆ ಎರಡನೆಯ ಸ್ಥಾನ ಕೊಟ್ಟಿತು.

ವೀಸಾ ಸುಲಭವಾದಾಗ ಅಲ್ಪಾವಧಿಯ ಪ್ರವಾಸಿಗೂ ದಾರಿ ತೆರೆಯುತ್ತದೆ. 30 ದಿನಗಳ ವೀಸಾದಲ್ಲಿ ದೆಹಲಿ, ಆಗ್ರಾ, ರಾಜಸ್ಥಾನ, ಗೋವಾ, ಕೇರಳಗಳನ್ನೆಲ್ಲ ನೋಡಬೇಕೆಂದು ಹೊರಟವನು ಹಂಪಿಗೆ ಎರಡು ಅಥವಾ ಮೂರು ರಾತ್ರಿ ಮೀಸಲಿಟ್ಟರೆ ಹೆಚ್ಚು. ಅವನು ತನ್ನ ದಿನಗಳನ್ನು ನಾವು ರೂಪಾಯಿಗಳನ್ನು ಎಣಿಸುವಂತೆ ಎಣಿಸುತ್ತಾನೆ. ಇದನ್ನು ಅರಿತ ವ್ಯಾಪಾರಿಯೇ ಅವನಿಗೆ ಸರಿಯಾದ ಸೇವೆ ನೀಡಬಲ್ಲನು.

2. ವೀಸಾವನ್ನು ಓದುವ ಕ್ರಮ

ವೀಸಾದ ಮೇಲೆ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ: ವೀಸಾದ ಮಾನ್ಯತೆಯ ಅವಧಿ ಮತ್ತು ಒಂದು ಭೇಟಿಯಲ್ಲಿ ಉಳಿಯಬಹುದಾದ ಅವಧಿ. ಇವೆರಡೂ ಒಂದೇ ಎಂದು ತಿಳಿಯುವುದೇ ಬಹುಪಾಲು ತಪ್ಪುಗಳ ಮೂಲ.

(ಅ) ಒಂದು ವರ್ಷದ ಅಥವಾ ಐದು ವರ್ಷಗಳ ಇ-ಪ್ರವಾಸಿ ವೀಸಾ ಇದ್ದವರು ಆ ಅವಧಿಯಲ್ಲಿ ಹಲವು ಬಾರಿ ಬರಬಹುದು. ಆದರೆ ಒಂದು ಭೇಟಿಯಲ್ಲಿ ನಿರಂತರವಾಗಿ ಉಳಿಯುವ ಮಿತಿ ಹೆಚ್ಚಿನ ದೇಶಗಳವರಿಗೆ 90 ದಿನ. ಅಮೆರಿಕ, ಬ್ರಿಟನ್, ಕೆನಡಾ ಮತ್ತು ಜಪಾನ್ ನಾಗರಿಕರಿಗೆ 180 ದಿನ. ಉದಾಹರಣೆಗೆ, ಐದು ವರ್ಷಗಳ ವೀಸಾ ಹೊಂದಿದ ಫ್ರಾನ್ಸಿನ ಪ್ರಜೆಯೊಬ್ಬರು ನವೆಂಬರ್ 10ರಂದು ಗೋವಾದಲ್ಲಿ ಇಳಿದರೆನ್ನೋಣ. ಇಳಿದ ದಿನವನ್ನೂ ಸೇರಿಸಿ ಎಣಿಸಿದರೆ ಫೆಬ್ರವರಿ 7ಕ್ಕೆ 90 ದಿನಗಳು ತುಂಬುತ್ತವೆ. ವೀಸಾದಲ್ಲಿ ಇನ್ನೂ ನಾಲ್ಕು ವರ್ಷ ಬಾಕಿಯಿದೆಯೆಂದು ಅವರು ಮಾರ್ಚ್‌ವರೆಗೆ ಆನೆಗೊಂದಿಯಲ್ಲಿ ಉಳಿದರೆ ಅದು ನಿಯಮೋಲ್ಲಂಘನೆ.

(ಆ) 30 ದಿನಗಳ ವೀಸಾದಲ್ಲಿ ಎಣಿಕೆ ಭಾರತಕ್ಕೆ ಬಂದಿಳಿದ ದಿನದಿಂದ ಆರಂಭವಾಗುತ್ತದೆ. ಅನುಮತಿ ಪತ್ರದಲ್ಲಿ ಮುದ್ರಿತವಾಗಿರುವ ಮುಕ್ತಾಯದ ದಿನಾಂಕವು ಯಾವ ದಿನದೊಳಗೆ ದೇಶವನ್ನು ಪ್ರವೇಶಿಸಬೇಕು ಎಂಬುದನ್ನು ತಿಳಿಸುತ್ತದೆ. ಅದನ್ನು ಹೊರಡುವ ದಿನಾಂಕವೆಂದು ಭಾವಿಸಿ ಮೋಸಹೋಗುವವರಿದ್ದಾರೆ. ಪಾಸ್‌ಪೋರ್ಟಿನಲ್ಲಿರುವ ಆಗಮನದ ಮುದ್ರೆಯನ್ನು ನೋಡಿ ಲೆಕ್ಕ ಹಾಕುವುದು ಕ್ಷೇಮ.

(ಇ) ಇ-ಪ್ರವಾಸಿ ವೀಸಾವನ್ನು ಸಾಮಾನ್ಯವಾಗಿ ವಿಸ್ತರಿಸಲಾಗುವುದಿಲ್ಲ, ಬೇರೆ ಬಗೆಯ ವೀಸಾ ಆಗಿ ಪರಿವರ್ತಿಸಲೂ ಆಗುವುದಿಲ್ಲ. ಅನಾರೋಗ್ಯದಂತಹ ತುರ್ತು ಸಂದರ್ಭಗಳಲ್ಲಿ ಇ-ಎಫ್.ಆರ್.ಆರ್.ಒ. ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. 2018ರಲ್ಲಿ ಆರಂಭವಾದ ಈ ವ್ಯವಸ್ಥೆಯಿಂದಾಗಿ ಬೆಂಗಳೂರಿಗೆ ಓಡಾಡುವ ಶ್ರಮ ಬಹಳಷ್ಟು ತಪ್ಪಿದೆ.

ನಮ್ಮ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಸದಸ್ಯರಿಗೆ ಇದು ಹೊಸ ಸಂಗತಿಯಲ್ಲ. ಅಲ್ಲಿಯೂ ಹತ್ತು ವರ್ಷಗಳ ವೀಸಾ ಇದ್ದರೂ ಎಷ್ಟು ದಿನ ಉಳಿಯಬೇಕೆಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿಯೇ ನಿಗದಿಪಡಿಸುತ್ತಾನೆ. ಅಲ್ಲಿ ನಾವು ತೋರುವ ಎಚ್ಚರಿಕೆಯನ್ನು ಇಲ್ಲಿಗೆ ಬಂದ ಅತಿಥಿಗೆ ನೆನಪಿಸುವುದು ಉಪಕಾರವೇ ಹೌದು.

3. ಪ್ರವಾಸಿ ವೀಸಾದಲ್ಲಿ ಏನು ಮಾಡಬಹುದು, ಏನು ಸಲ್ಲದು

ವಿಹಾರ, ಸ್ಥಳವೀಕ್ಷಣೆ, ಬಂಧುಮಿತ್ರರ ಭೇಟಿ, ಅಲ್ಪಾವಧಿಯ ಯೋಗ ಶಿಕ್ಷಣ ಇವು ಪ್ರವಾಸಿ ವೀಸಾದ ಉದ್ದೇಶಗಳು. ಆರು ತಿಂಗಳು ಮೀರದ, ಪದವಿ ಪ್ರಮಾಣಪತ್ರ ನೀಡದ, ಸ್ಥಳೀಯ ಭಾಷೆ, ಸಂಗೀತ, ನೃತ್ಯ, ಕರಕುಶಲ, ಅಡುಗೆ ಮುಂತಾದವುಗಳ ಕಲಿಕೆಗೂ ಅವಕಾಶವಿದೆ. ಕಿನ್ನಾಳದ ಕಲಾವಿದರ ಬಳಿ ಎರಡು ವಾರ ಕುಳಿತು ಮರದ ಗೊಂಬೆಗೆ ಬಣ್ಣ ಹಚ್ಚುವುದನ್ನು ಕಲಿಯಬಯಸುವ ವಿದೇಶಿಯರಿಗೆ ಈ ವೀಸಾ ಅಡ್ಡಿಯಾಗದು. ಸಂಭಾವನೆಯಿಲ್ಲದ ಸ್ವಯಂಸೇವೆಯನ್ನು ಗರಿಷ್ಠ ಒಂದು ತಿಂಗಳು ಮಾಡಬಹುದು.

ಸಂಬಳಕ್ಕೆ ದುಡಿಯುವುದು ಮಾತ್ರ ಸಲ್ಲದು. ಬಂಡೆ ಹತ್ತುವ ಹವ್ಯಾಸಕ್ಕೆಂದು ಬಂದ ಯುವಕನನ್ನು ಶುಲ್ಕ ವಸೂಲಿ ಮಾಡುವ ತರಬೇತುದಾರನನ್ನಾಗಿ ನಿಲ್ಲಿಸುವುದು, ಉಪಾಹಾರಗೃಹದ ಅಡುಗೆಮನೆಯ ಕೆಲಸಕ್ಕೆ ಪ್ರತಿಯಾಗಿ ಪುಕ್ಕಟೆ ಕೋಣೆ ಕೊಡುವುದು ಸ್ನೇಹದ ಏರ್ಪಾಡಿನಂತೆ ತೋರಬಹುದು. ಆದರೆ ವೀಸಾ ಷರತ್ತಿನ ದೃಷ್ಟಿಯಿಂದ ಅದು ಅತಿಥಿಗೂ ಮಾಲೀಕರಿಗೂ ಅಪಾಯಕರ.

ಕೊಪ್ಪಳದ ಸದಸ್ಯರು ಇನ್ನೊಂದು ಅಂಶವನ್ನು ಗಮನಿಸಬೇಕು. ಭಾಗ್ಯನಗರದ ಕೂದಲು ಸಂಸ್ಕರಣೆಯ ಉದ್ಯಮಕ್ಕೆ, ಭಾನಾಪುರದ ಆಟಿಕೆ ತಯಾರಿಕೆಯ ಘಟಕಗಳಿಗೆ ವಿದೇಶಿ ಸಂಪರ್ಕವಿದೆ. ಸರಕು ನೋಡಲು, ಬೆಲೆ ಮಾತನಾಡಲು ಬರುವ ಖರೀದಿದಾರರಿಗೆ ಇರುವುದು ವ್ಯಾಪಾರ ವೀಸಾ. ಅದೂ ಇ-ವೀಸಾ ರೂಪದಲ್ಲಿ ದೊರೆಯುತ್ತದೆ. ಶುಲ್ಕ ಕಡಿಮೆಯೆಂದು ಪ್ರವಾಸಿ ವೀಸಾದಲ್ಲಿ ಬರುವಂತೆ ಗ್ರಾಹಕರಿಗೆ ಯಾರೂ ಸಲಹೆ ನೀಡಬಾರದು. ಯಂತ್ರ ಜೋಡಿಸಿ ದುಡಿಯಲು ಬರುವ ತಂತ್ರಜ್ಞರ ವಿಷಯವೇ ಬೇರೆ. ಅವರನ್ನು ಕರೆಸುವ ಮೊದಲು ಉದ್ಯೋಗ ವೀಸಾದ ಅಗತ್ಯವನ್ನು ವಿಚಾರಿಸಿಕೊಳ್ಳುವುದು ಒಳಿತು.

4. ಇಪ್ಪತ್ತನಾಲ್ಕು ಗಂಟೆಗಳ ಕರ್ತವ್ಯ

1946ರ ವಿದೇಶಿಯರ ಕಾಯ್ದೆಯೂ ಸೇರಿದಂತೆ ನಾಲ್ಕು ಹಳೆಯ ಕಾನೂನುಗಳ ಸ್ಥಾನದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯು ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ವೀಸಾ ಅವಧಿ ಮೀರಿ ಉಳಿದ ಅಥವಾ ಷರತ್ತು ಮುರಿದ ವಿದೇಶಿಯರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಮೂರು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಇದರಲ್ಲಿ ಅವಕಾಶವಿದೆ. ಹಳೆಯ ಕಾನೂನಿನಲ್ಲಿದ್ದ ವಸತಿದಾರರ ಮುಖ್ಯ ಹೊಣೆಯೂ ಮುಂದುವರಿದಿದೆ. ವಿದೇಶಿ ಅತಿಥಿ ಬಂದ 24 ಗಂಟೆಗಳೊಳಗೆ, ನಮ್ಮಲ್ಲಿ ಬಹುಕಾಲದಿಂದ ‘ಸಿ ಫಾರ್ಮ್’ ಎಂದೇ ಪರಿಚಿತವಾಗಿರುವ ವಿವರಗಳನ್ನು ಜಾಲತಾಣದ ಮೂಲಕ ಸಲ್ಲಿಸಬೇಕು. ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳೇ ವಿದೇಶಿಯರ ನೋಂದಣಿ ಅಧಿಕಾರಿಗಳು.

ಇದರಲ್ಲಿ ನೆನಪಿಡಬೇಕಾದ ಅಂಶಗಳಿವು:

ಮೊದಲನೆಯದಾಗಿ, ಈ ಕರ್ತವ್ಯ ದೊಡ್ಡ ಹೋಟೆಲುಗಳಿಗಷ್ಟೇ ಸೀಮಿತವಲ್ಲ. ಹೋಂಸ್ಟೇ, ಧರ್ಮಶಾಲೆ, ಆಸ್ಪತ್ರೆ, ವಿದೇಶಿಯರನ್ನು ಇರಿಸಿಕೊಂಡ ಖಾಸಗಿ ಮನೆ ಎಲ್ಲಕ್ಕೂ ಅನ್ವಯಿಸುತ್ತದೆ.

ಎರಡನೆಯದಾಗಿ, ಪಾಸ್‌ಪೋರ್ಟ್ ನೋಡಬೇಕೇ ಹೊರತು ಮುಖವನ್ನಾಗಲಿ ಮಾತನ್ನಾಗಲಿ ನೋಡಬಾರದು. ದುಬೈನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ಕುಷ್ಟಗಿಯ ಯುವಕ ವಿದೇಶಿಯಲ್ಲ. ಅಚ್ಚ ಕನ್ನಡ ಮಾತನಾಡಿದರೂ ಅಮೆರಿಕದ ಪೌರತ್ವ ಪಡೆದವರು ಕಾನೂನಿನ ದೃಷ್ಟಿಯಲ್ಲಿ ವಿದೇಶಿಯರು.

ಮೂರನೆಯದಾಗಿ, ಜಿಲ್ಲೆಯ ಹೆಸರು. ಪ್ರವಾಸಿಗೆ ನದಿಯ ಎರಡೂ ದಡಗಳು ‘ಹಂಪಿ’ಯೇ. ಆದರೆ ತೆಂಕಣ ದಡ, 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದ್ದು; ಬಡಗಣ ದಡದ ಆನೆಗೊಂದಿ, ಸಾಣಾಪುರ, ಅಂಜನಾದ್ರಿ ಕೊಪ್ಪಳ ಜಿಲ್ಲೆಯವು. 2025ರ ಅಕ್ಟೋಬರ್ 1ರಿಂದ ವಿದೇಶಿಯರು ಭಾರತಕ್ಕೆ ಬರುವ ಮುನ್ನ ಇ-ಆಗಮನ ಪತ್ರವನ್ನು ತುಂಬಬೇಕಾಗಿದ್ದು, ಅದರಲ್ಲಿ ತಂಗುವ ವಿಳಾಸವನ್ನೂ ಕೊಡಬೇಕು. ಕೋಣೆ ಕಾಯ್ದಿರಿಸಿದ ದಿನವೇ ‘ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ’ ಎಂಬ ಪೂರ್ಣ ವಿಳಾಸವನ್ನು ಅತಿಥಿಗೆ ಬರೆದು ಕಳುಹಿಸುವುದು ಒಳ್ಳೆಯ ರೂಢಿ. ಅವರು ದಡ ಬದಲಿಸಿ ಇನ್ನೊಂದು ಮನೆಯಲ್ಲಿ ತಂಗಿದರೆ ಆ ಮನೆಯವರು ಹೊಸದಾಗಿ ವಿವರ ಸಲ್ಲಿಸಬೇಕು.

5. ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ವಸತಿಗೃಹದಲ್ಲಿ ನಡೆದ ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತವೆನಿಸುತ್ತದೆ. ಅವರ ಲೆಕ್ಕಪತ್ರಗಳು ಎಂದೂ ಅಚ್ಚುಕಟ್ಟು. 30 ದಿನಗಳ ವೀಸಾದಲ್ಲಿ ಬಂದ ವೃದ್ಧ ಮಹಿಳೆಯೊಬ್ಬರು ಒಂದೇ ರಾತ್ರಿಗೆಂದು ಕೋಣೆ ಪಡೆದರು. ಒಂದು ರಾತ್ರಿಗೆ ಏಕೆ ಆ ಕಾಗದದ ಕೆಲಸವೆಂದು ಮಾಲೀಕರು ವಿವರ ಸಲ್ಲಿಸಲಿಲ್ಲ. ಮರುದಿನ ಆಕೆಗೆ ತೀವ್ರ ಜ್ವರ, ಆಸ್ಪತ್ರೆಗೆ ಸೇರಿಸಬೇಕಾಯಿತು. ವೀಸಾದಲ್ಲಿ ಉಳಿದಿದ್ದದ್ದು ಮೂರು ದಿನ.

ತುರ್ತು ಅರ್ಜಿ ಸಲ್ಲಿಸಲು ಕುಳಿತಾಗ ವೈದ್ಯರ ಪತ್ರದೊಡನೆ ವಾಸಸ್ಥಳದ ದಾಖಲೆಯನ್ನೂ ಕೇಳಲಾಯಿತು. ಆ ದಾಖಲೆಯೆಂದರೆ ಮಾಲೀಕರು ಸಲ್ಲಿಸದೆ ಬಿಟ್ಟಿದ್ದ ಅದೇ ವಿವರಪತ್ರ. ಸರ್ಕಾರದ ಕಡತದಲ್ಲಿ ಆಕೆ ನಮ್ಮ ಜಿಲ್ಲೆಗೆ ಬಂದೇ ಇರಲಿಲ್ಲ. ತಡವಾಗಿ ವಿವರ ಸಲ್ಲಿಸಿ, ವಿಳಂಬಕ್ಕೆ ಲಿಖಿತ ಕಾರಣ ಕೊಟ್ಟು, ಅನುಮತಿ ದೊರೆಯುವವರೆಗೆ ಮಾಲೀಕರು ಅಂಗಡಿ ಬಿಟ್ಟು ಅಲೆದರು. ಆಕೆಯ ವಿಮಾನದ ಟಿಕೆಟ್ ವ್ಯರ್ಥವಾಯಿತು. ಹೊರಡುವಾಗ ಆಕೆ ಯಾರನ್ನೂ ದೂರಲಿಲ್ಲ. ಮಾಲೀಕರ ಪತ್ನಿ ಆಸ್ಪತ್ರೆಗೆ ಗಂಜಿ ಕೊಂಡೊಯ್ದುದನ್ನಷ್ಟೇ ನೆನೆದರು. ‘ಗಂಜಿ ಕೊಟ್ಟೆವು ಸರ್, ಹತ್ತು ನಿಮಿಷ ಕೊಡಲಿಲ್ಲ’ ಎಂದು ಮಾಲೀಕರು ನನ್ನ ಮುಂದೆ ನೊಂದು ನುಡಿದದ್ದು ಇಂದಿಗೂ ನೆನಪಿದೆ. ಅವರ ಲೆಕ್ಕ ಪರಿಶೋಧಕನಾಗಿ ಆ ಪುಸ್ತಕವನ್ನು ಒಮ್ಮೆಯೂ ಕೇಳಿ ನೋಡದ ನನ್ನ ಪಾಲಿನ ತಪ್ಪೂ ಅದರಲ್ಲಿತ್ತು.

2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಘೋರ ಕೃತ್ಯದ ನಂತರ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಯಾರು, ಯಾವ ದೇಶದವರು, ಎಲ್ಲಿ ತಂಗಿದ್ದಾರೆ ಎಂಬ ಸರಿಯಾದ ದಾಖಲೆ ಇದ್ದಾಗ ಸಹಾಯ ಬೇಗ ತಲುಪುತ್ತದೆ, ಮನೆಯವರಿಗೆ ಸುದ್ದಿ ಮುಟ್ಟುತ್ತದೆ. ಈ ದಾಖಲೆ ಅತಿಥಿಯ ರಕ್ಷಣೆಗೂ ಇರುವಂಥದು.

6. ಲೆಕ್ಕಪತ್ರದ ದೃಷ್ಟಿ

ಅತಿಥಿ ಪುಸ್ತಕ, ಸಲ್ಲಿಸಿದ ವಿವರಪತ್ರಗಳು ಮತ್ತು ಬಿಲ್ಲುಗಳು, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ವಿವರಪತ್ರದಲ್ಲಿ ಒಬ್ಬರು ಹತ್ತು ರಾತ್ರಿ ತಂಗಿದರೆಂದು ಇದ್ದು, ಬಿಲ್ಲು ನಾಲ್ಕು ರಾತ್ರಿಗೆ ಮಾತ್ರ ಇದ್ದರೆ ವಿವರಣೆ ಕೊಡುವುದು ಕಷ್ಟ. ಎರಡೂ ಇಂದು ವಿದ್ಯುನ್ಮಾನ ದಾಖಲೆಗಳೆಂಬುದನ್ನು ಮರೆಯಬಾರದು.

ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿ.ಎಸ್.ಟಿ. ನೋಂದಣಿ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗೆ, ಹೂಡುವಳಿ ತೆರಿಗೆಯ ಜಮೆ ಇಲ್ಲದೆ, ಶೇ. 5ರ ದರವಿದೆ. ವಿದೇಶಿಯರು ವಿದೇಶಿ ಕಾರ್ಡಿನಿಂದ ಹಣ ಕೊಟ್ಟರೆ ಅದು ರಫ್ತು, ತೆರಿಗೆಯಿಲ್ಲ ಎಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಕೋಣೆ ಸ್ಥಿರಾಸ್ತಿ, ಅದಿರುವ ಸ್ಥಳವೇ ಸೇವೆ ಪೂರೈಸಿದ ಸ್ಥಳ. ಆದ್ದರಿಂದ ಗಂಗಾವತಿಯ ಕೋಣೆ ಯಾವ ದೇಶದವರಿಗೆ ಕೊಟ್ಟರೂ ರಫ್ತಾಗುವುದಿಲ್ಲ.

7. ಇನ್ನೊಂದು ರಾತ್ರಿಯ ಬೆಲೆ

ಐದು ಕೋಣೆಗಳ ಒಂದು ಹೋಂಸ್ಟೇಯನ್ನು ಊಹಿಸಿಕೊಳ್ಳೋಣ. ನವೆಂಬರ್‌ನಿಂದ ಫೆಬ್ರವರಿವರೆಗಿನ 120 ದಿನಗಳಲ್ಲಿ ಒಟ್ಟು 600 ಕೋಣೆ-ರಾತ್ರಿಗಳು. ಶೇ. 60 ಭರ್ತಿಯಾದರೆ 360. ದಿನಕ್ಕೆ 2,000 ರೂಪಾಯಿಯಂತೆ ಆದಾಯ 7,20,000 ರೂಪಾಯಿ. ಪ್ರತಿ ತಂಡ ಮೂರು ರಾತ್ರಿ ಉಳಿಯುತ್ತದೆಂದರೆ 120 ತಂಡಗಳು. ಇವರೆಲ್ಲ ಇನ್ನೊಂದೇ ರಾತ್ರಿ ಉಳಿದರೆ, ಹೊಸದಾಗಿ ಒಬ್ಬ ಗ್ರಾಹಕನನ್ನೂ ಹುಡುಕದೆ, 2,40,000 ರೂಪಾಯಿ ಹೆಚ್ಚುವರಿ ಆದಾಯ ಬರುತ್ತದೆ.

ಆ ಇನ್ನೊಂದು ದಿನಕ್ಕೆ ಬೇಕಾದ ಕಾರಣಗಳು ನಮ್ಮ ತಾಲ್ಲೂಕುಗಳಲ್ಲಿ ಧಾರಾಳವಾಗಿವೆ. ಗಂಗಾವತಿಯ ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿ ಅಶೋಕನ ಶಾಸನಗಳಿವೆ. ಮೊದಲು ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ; ಸಮೀಪದ ಕುಕನೂರಿನಲ್ಲಿ ನವಲಿಂಗ ದೇವಾಲಯವಿದೆ. ಕುಷ್ಟಗಿಯ ಕಡೆಗೆ ಕಬ್ಬರಗಿಯ ಕಪಿಲತೀರ್ಥವೂ ಇಳಕಲ್ ಸೀರೆಯ ನೇಕಾರಿಕೆಯೂ ಇವೆ. ವೀಸಾದ ದಿನಗಳನ್ನು ಎಣಿಸುವ ಪ್ರವಾಸಿಗೆ ಇವುಗಳನ್ನು ಬಿಡಿಬಿಡಿಯಾಗಿ ಹೇಳಿದರೆ ಸಾಲದು. ಬೆಳಿಗ್ಗೆ ಆನೆಗೊಂದಿಯಿಂದ ಹೊರಟು ಕಿನ್ನಾಳ, ಕೊಪ್ಪಳ, ಕುಕನೂರು, ಇಟಗಿ ನೋಡಿ ಸಂಜೆ ಮರಳುವ ಒಂದು ದಿನದ ಸಿದ್ಧ ಕಾರ್ಯಕ್ರಮವನ್ನು ವಾಹನ, ಊಟ, ದರಸಹಿತ ಅವನ ಮುಂದಿಡಬೇಕು.

ಈ ನಿಟ್ಟಿನಲ್ಲಿ ವಾಣಿಜ್ಯೋದ್ಯಮ ಸಂಸ್ಥೆಯ ಮುಂದೆ ಮೂರು ಸಲಹೆಗಳನ್ನಿಡಬಯಸುತ್ತೇನೆ. ಪ್ರತಿ ವರ್ಷ ಪ್ರವಾಸದ ಹಂಗಾಮು ಆರಂಭವಾಗುವ ಮೊದಲು, ಅಕ್ಟೋಬರ್‌ನಲ್ಲಿ, ಪೊಲೀಸ್ ಇಲಾಖೆಯ ಸಹಕಾರದೊಡನೆ ಗಂಗಾವತಿಯಲ್ಲಿ ಒಂದು ದಿನದ ತರಬೇತಿ ನಡೆಸುವುದು. ವಿವರಪತ್ರ ತುಂಬುವ ಕ್ರಮವನ್ನು ತಿಳಿಸುವ ಕನ್ನಡ ಕೈಪಿಡಿಯೊಂದನ್ನು ಹೊರತರುವುದು. ಅಂತರ್ಜಾಲ ಕೈಕೊಡುವ ಹಳ್ಳಿಗಳ ಸಣ್ಣ ಹೋಂಸ್ಟೇಗಳಿಗೆ ನೆರವಾಗಲು ದೂರವಾಣಿಯಲ್ಲಿ ದೊರೆಯುವ ಒಬ್ಬ ಸಹಾಯಕರನ್ನು ಹಂಗಾಮಿನ ನಾಲ್ಕು ತಿಂಗಳ ಮಟ್ಟಿಗಾದರೂ ನೇಮಿಸುವುದು. ಇವುಗಳಿಗೆ ತಗಲುವ ವೆಚ್ಚ ಅಲ್ಪ. ತರಬೇತಿಯಲ್ಲಿ ಲೆಕ್ಕಪತ್ರ ಮತ್ತು ತೆರಿಗೆಯ ಭಾಗವನ್ನು ಯಾವ ಸಂಭಾವನೆಯೂ ಇಲ್ಲದೆ ನಡೆಸಿಕೊಡಲು ನಾನು ಸಿದ್ಧನಿದ್ದೇನೆ.

ವೀಸಾ ಕೊಡುವುದು ಅಥವಾ ನಿಲ್ಲಿಸುವುದು ದೆಹಲಿಯ ಅಧಿಕಾರ. ಅದರಲ್ಲಿ ನಮ್ಮ ಕೈಯಿಲ್ಲ. ಆದರೆ ಬಾಗಿಲಿಗೆ ಬಂದ ಅತಿಥಿಯ ವೀಸಾವನ್ನು ಓದುವುದು, ಹೊರಡಬೇಕಾದ ದಿನವನ್ನು ಆತನಿಗೆ ತಿಳಿಸುವುದು, 24 ಗಂಟೆಗಳೊಳಗೆ ಹತ್ತು ನಿಮಿಷ ಕುಳಿತು ದಾಖಲಿಸುವುದು ನಮ್ಮ ಕೈಯಲ್ಲೇ ಇವೆ. ಇಂದು ಸಂಜೆ ಅಂಗಡಿ ಮುಚ್ಚುವ ಮುನ್ನ, ಸದಸ್ಯರು ತಮ್ಮ ಅತಿಥಿ ಪುಸ್ತಕದ ಕೊನೆಯ ಪುಟವನ್ನು ಒಮ್ಮೆ ತೆರೆದು ನೋಡಬೇಕೆಂದು ವಿನಂತಿಸುತ್ತೇನೆ.